ಎರಡು ತಂತಿ, ಒಂದು ಗಂಟಲು, ಪರದೇಶದ ವೇದಿಕೆ

ಮಂಗೋಲಿಯಾದ ಖೂಮಿ ಎಂಬ ಗಂಟಲುಗಾಯನದ ಗಾಯಕ ಹೊರದೇಶದ ವೇದಿಕೆಯಲ್ಲಿ ಬಾಯಿ ತೆರೆದ ಅರ್ಧ ನಿಮಿಷಕ್ಕೆ ಇಡೀ ಸಭೆ ಅವನ ಕೈವಶವಾಗುತ್ತದೆ. ಕೆಳಗೆ ಒಂದು ಗಟ್ಟಿ ಸ್ವರ ಅಲುಗದೆ ನಿಂತಿರುತ್ತದೆ. ಅದರ ಮೇಲೆ ಸಿಳ್ಳೆಯಂಥ ಇನ್ನೊಂದು ಧಾಟಿ ಹರಿದಾಡುತ್ತದೆ. ಎರಡೂ ಒಂದೇ ಗಂಟಲಿನದು. ಮೊದಲ ಸಲ ಕೇಳುವವರು ಎಲ್ಲೋ ಧ್ವನಿಮುದ್ರಿಕೆ ಹಾಕಿದ್ದಾರೆಂದು ಅತ್ತಿತ್ತ ನೋಡುವುದುಂಟು. ಆದರೆ ಈ ಬೆರಗಿಗೆ ಆಯುಷ್ಯ ಕಡಿಮೆ. ಹತ್ತು ನಿಮಿಷದಲ್ಲಿ ಕಿವಿ ಒಗ್ಗಿಕೊಳ್ಳುತ್ತದೆ. ಉಳಿದ ಎಂಬತ್ತು ನಿಮಿಷ ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡವರು ಮಾತ್ರ ಹೊರನಾಡಿನಲ್ಲಿ ನೆಲೆ ಕಂಡಿದ್ದಾರೆ. ಒಮ್ಮೆ ಕರೆದ ಉತ್ಸವದವರು ಮತ್ತೆ ಕರೆಯುವುದು ಅವನ ಮೊಣಕಾಲುಗಳ ನಡುವೆ ನಿಂತಿರುವ ಎರಡು ತಂತಿಯ ಮೊರಿನ್ ಖೂರ್ ಎಂಬ ಕಮಾನು ವಾದ್ಯಕ್ಕಾಗಿ, ಅದನ್ನು ಅವನು ಬೇರೆಯವರ ಸಂಗೀತದ ಜೊತೆ ಕೂರಿಸುವ ಜಾಣ್ಮೆಗಾಗಿ. ಹಾಗೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕಾರಣ ಖೂಮಿಯ ರಚನೆಯಲ್ಲೇ ಇದೆ. ನಮ್ಮ ತಂಬೂರಿ ಕೇಳಿದವರಿಗೆ ಇದನ್ನು ಹೇಳುವುದು ಸುಲಭ. ಮೀಟುವುದು ಸ-ಪಗಳನ್ನೇ ಆದರೂ ಶ್ರುತಿ ಚೆನ್ನಾಗಿ ಕೂಡಿದಾಗ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳುತ್ತದೆ. ಅದನ್ನೇ ನಾವು ಸ್ವಯಂಭು ಗಾಂಧಾರ ಎನ್ನುವುದು. ಯಾವ ಸ್ವರವೂ ಒಂಟಿಯಾಗಿರುವುದಿಲ್ಲ, ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳು ಅದರೊಳಗೇ ಇರುತ್ತವೆ. ಖೂಮಿ ಗಾಯಕ ಆ ಸ್ವಯಂಭು ಸ್ವರಗಳಲ್ಲಿ ಒಂದೊಂದನ್ನೇ ಆರಿಸಿ ಎತ್ತಿ ತೋರಿಸುತ್ತಾನೆ. ಆಧಾರ ಸ್ವರ ಸೆಕೆಂಡಿಗೆ ಸುಮಾರು 175 ಕಂಪನದ್ದು ಎಂದಿಟ್ಟುಕೊಳ್ಳಿ, ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ನಾಲ್ಕು. ಅದರ ಆರರಷ್ಟಾದ 6ನೆಯ ಸ್ವಯಂಭು ಸ್ವರ 1050ಕ್ಕೆ ಬಂದು ಪಂಚಮವಾಗುತ್ತದೆ, 8ನೆಯದು 1400ಕ್ಕೆ ಷಡ್ಜ, 9ನೆಯದು 1575ಕ್ಕೆ ಚತುಶ್ರುತಿ ರಿಷಭ, 10ನೆಯದು 1750ಕ್ಕೆ ಅಂತರ ಗಾಂಧಾರ, 12ನೆಯದು 2100ಕ್ಕೆ ಮತ್ತೆ ಪಂಚಮ. ಪ ಸ ರಿ ಗ ಪ. ಧೈವತವೊಂದನ್ನು ಬಿಟ್ಟರೆ ಮೋಹನ ರಾಗವೇ. 13ನೆಯದು ಧೈವತದ ಹತ್ತಿರ ಸುಳಿದರೂ ನಮ್ಮ ಚತುಶ್ರುತಿ ಧೈವತಕ್ಕಿಂತ ಎದ್ದು ಕಾಣುವಷ್ಟು ಇಳಿದಿರುತ್ತದೆ. 7ನೆಯದು ಇಳಿದ ನಿಷಾದ, 11ನೆಯದು ಎರಡು ಮಧ್ಯಮಗಳ ನಡುವಿನದು. ಈ ಎರಡನ್ನು ಗಾಯಕರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ.

ಅಂದರೆ ಆಧಾರ ಸ್ವರ ಕದಲದೆ ಇರುವ ತನಕ ಗಾಯಕನ ಕೈಯಲ್ಲಿರುವುದು ಐದಾರು ಸ್ವರ ಅಷ್ಟೇ. ಎಷ್ಟೇ ಪಳಗಿದ ಗಂಟಲಾದರೂ ಈ ಮಿತಿಯನ್ನು ದಾಟಲಾರದು, ಏಕೆಂದರೆ ಇದು ಭೌತಶಾಸ್ತ್ರದ ಮಿತಿ. ಪಶ್ಚಿಮ ಮಂಗೋಲಿಯಾದ ಖೋವ್ದ್ ಪ್ರಾಂತ್ಯದಲ್ಲಿ ಜರ್ಗಲಂತ್ ಬೆಟ್ಟದ ಬುಡದಲ್ಲಿರುವ ಚಂದ್ಮನ್ ಖೂಮಿಯ ತವರು ಎಂದು ಹೆಸರಾದ ಊರು. ಅಲ್ಲಿನವರಿಗೆ ಈ ಮಿತಿ ಎಂದೂ ಕೊರತೆಯಾಗಿ ಕಂಡಿಲ್ಲ. ಅಲ್ಲಿ ಖೂಮಿ ಬೆಟ್ಟ, ಗಾಳಿ, ನೀರಿನ ಜೊತೆಗಿನ ಹಾಡು. ಅಲ್ತಾಯ್ ಬೆಟ್ಟಸಾಲನ್ನು ಹೊಗಳುವ ಮಗ್ತಾಲ್ ಪದಗಳ ನಡುವೆ ಬಂದು ಹೋಗುತ್ತದೆ. ಟಿಕೆಟ್ ಕೊಂಡು ಕುರ್ಚಿಯಲ್ಲಿ ಕುಳಿತವರ ಮುಂದೆ ಒಂದೂವರೆ ಗಂಟೆ ಹಾಡುವುದು ಅದಕ್ಕೆ ಹೊಸ ಕೆಲಸ.

ಆ ಕೆಲಸವನ್ನು ಗಂಟಲು ಹೇಗೆ ಮಾಡುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಉಸಿರಿನ ಒತ್ತಡ ಹೊಟ್ಟೆಯಿಂದ ಬರಬೇಕು. ಭಾರ ಎತ್ತುವಾಗ ತಾನಾಗಿ ಬಿಗಿಯುವ ಗಂಟಲಿನ ಮೇಲ್ಭಾಗವನ್ನು ಬೇಕೆಂದೇ ಬಿಗಿ ಹಿಡಿದು, ‘ಉ’ಕಾರದ ಸುತ್ತ ಒಂದು ಗಡುಸು ದನಿ ತೆಗೆಯಬೇಕು. ಈ ಗಡಸುತನದಿಂದಲೇ ಮೇಲಿನ ಸ್ವಯಂಭು ಸ್ವರಗಳಿಗೆ ಬಲ ಬರುತ್ತದೆ, ಮೆತ್ತನೆಯ ದನಿಯಲ್ಲಿ ಅವು ಇದ್ದೂ ಇಲ್ಲದಂತೆ. ಸಿಳ್ಳೆಯ ಶೈಲಿಯಾದ ಇಸ್ಗೆರೆ ಖೂಮಿಗೆ ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದಿನ ಏರಿಗೆ ಅಂಟಬೇಕು, ನಾಲಿಗೆಯ ಅಂಚುಗಳು ಎರಡೂ ಬದಿಯನ್ನು ಮುಚ್ಚಬೇಕು, ಗಾಳಿಗೆ ಒಂದೇ ಕಿರಿದಾದ ದಾರಿ ಉಳಿಯಬೇಕು. ಆಮೇಲೆ ನಾಲಿಗೆಯ ನಡುಭಾಗ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿದರೂ ಸ್ವರ ಬದಲಾಗುತ್ತದೆ. ಕಲಿಯುವವರಲ್ಲಿ ಸಿಳ್ಳೆ ಮೂಡದಿರಲು ಹೆಚ್ಚಿನ ಸಲ ನಾಲಿಗೆಯ ಬದಿಯ ಸೋರಿಕೆಯೇ ಕಾರಣ. ಅದು ಗೊತ್ತಾಗದೆ ಇನ್ನಷ್ಟು ಜೋರಾಗಿ ಒತ್ತುತ್ತಾರೆ, ಸಂಜೆಗೆ ಗಂಟಲು ಕಟ್ಟುತ್ತದೆ. ನೋವಾಯಿತೆಂದರೆ ಬಿಗಿ ತಪ್ಪಾದ ಜಾಗದಲ್ಲಿ ಬಿದ್ದಿದೆ ಎಂದರ್ಥ, ಆ ದಿನಕ್ಕೆ ನಿಲ್ಲಿಸಬೇಕು.

ಇನ್ನೊಂದು ತುದಿಯದು ಖರ್ಖಿರಾ ಎಂಬ ಆಳದ ದನಿಯ ಶೈಲಿ. ಇಲ್ಲಿ ನಿಜವಾದ ಧ್ವನಿಪಟಲಗಳ ಮೇಲಿರುವ ಹುಸಿಪಟಲಗಳೂ ಅಲುಗಲು ತೊಡಗುತ್ತವೆ, ಅದೂ ಅರ್ಧ ವೇಗದಲ್ಲಿ. ಗಾಯಕ 130 ಕಂಪನದ ಸ್ವರ ಹಿಡಿದರೆ ಕೇಳುವವರಿಗೆ 65ರ ಮಂದ್ರ ಸಿಗುತ್ತದೆ. ಕಲಿಸುವವರು ಇದನ್ನು ಗಂಟಲು ಸರಿಪಡಿಸಿಕೊಳ್ಳುವಾಗಿನ ಮೆಲುದನಿಯಿಂದ ಆರಂಭಿಸುತ್ತಾರೆ, ಬಲ ಹಾಕಬಾರದು. ಇದೇ ಜಾತಿಯ ಆಳದ ದನಿ ನಮ್ಮ ನಾಡಿನಲ್ಲೇ ಇದೆ. ಹುಣಸೂರಿನ ಹತ್ತಿರ ಗುರುಪುರದ ಟಿಬೆಟನ್ ನೆಲೆಯಲ್ಲಿರುವ ಗ್ಯುಮೆ ತಾಂತ್ರಿಕ ಮಠದ ಭಿಕ್ಷುಗಳ ಮಂತ್ರಪಠಣ ಹೆಸರಾಗಿರುವುದೇ ಆ ಒಡಲಾಳದ ಸ್ವರಕ್ಕೆ. ಅಲ್ಲಿನದು ಪೂಜೆಯ ಅಂಗ, ಮಂಗೋಲಿಯಾದ್ದು ಹಾಡಿಕೆ. ಉದ್ದೇಶ ಬೇರೆಯಾದರೂ ಗಂಟಲಿನ ಕೆಲಸದಲ್ಲಿ ನಂಟಿದೆ. ಮುಂಡಗೋಡಿನ ದ್ರೆಪುಂಗ್ ಗೊಮಾಂಗ್ ಮಠಕ್ಕೆ ಇಂದಿಗೂ ಮಂಗೋಲಿಯಾದಿಂದ ಭಿಕ್ಷುಗಳು ಓದಲು ಬರುತ್ತಾರೆ. ಆ ನಾಡು ನಮಗೆ ನಾವು ಅಂದುಕೊಂಡಷ್ಟು ದೂರದ್ದಲ್ಲ.

ಈಗ ಖೂರ್‌ಗೆ ಬರೋಣ. ಸುಮಾರು 1.1 ಮೀಟರ್ ಎತ್ತರದ ವಾದ್ಯ. ಕೆಳಗೆ ಅಗಲ, ಮೇಲೆ ಕಿರಿದಾದ ಮರದ ಪೆಟ್ಟಿಗೆ, ಉದ್ದ ಕತ್ತು, ತುದಿಯಲ್ಲಿ ಕೆತ್ತಿದ ಕುದುರೆಯ ತಲೆ. ತಂತಿ ಎಂದು ಹೇಳುವುದು ಅಭ್ಯಾಸಬಲದಿಂದ, ಅದು ಒಂದು ಎಳೆಯಲ್ಲ. ದಪ್ಪ ತಂತಿಗೆ ಗಂಡು ಕುದುರೆಯ ಬಾಲದ ಸುಮಾರು 130 ಕೂದಲು, ತೆಳು ತಂತಿಗೆ ಹೆಣ್ಣು ಕುದುರೆಯ ಸುಮಾರು 105 ಎಂಬುದು ಹಿಂದಿನಿಂದ ಬಂದ ಲೆಕ್ಕ. ಈಗಿನ ವೇದಿಕೆಯ ವಾದ್ಯಗಳಲ್ಲಿ ಕೂದಲಿನ ಜಾಗದಲ್ಲಿ ನೈಲಾನ್ ಎಳೆಗಳ ಕಟ್ಟು ಇರುವುದೇ ಹೆಚ್ಚು. ಎಳೆಗಳನ್ನು ಹುರಿ ಮಾಡುವುದಿಲ್ಲ, ಪಕ್ಕಪಕ್ಕದಲ್ಲಿ ನೇರವಾಗಿ ಓಡಿಸುತ್ತಾರೆ. ಖೂರ್‌ನ ಉಸಿರು ಬೆರೆತಂಥ ನಾದ ಹುಟ್ಟುವುದು ಈ ಹುರಿಯಿಲ್ಲದ ಕಟ್ಟಿನಿಂದ. ಇಂದು ರೂಢಿಯಲ್ಲಿರುವ ಶ್ರುತಿಯಲ್ಲಿ ದಪ್ಪ ತಂತಿ ಬಿಳಿ ನಾಲ್ಕಕ್ಕೂ ತೆಳು ತಂತಿ ಕಪ್ಪು ಐದಕ್ಕೂ ನಿಲ್ಲುತ್ತದೆ. ತೆಳುವನ್ನು ಷಡ್ಜ ಎಂದುಕೊಂಡರೆ ದಪ್ಪದ್ದು ಕೆಳಗಿನ ಪಂಚಮ, ಅಂದರೆ ನಮ್ಮ ತಂಬೂರಿಯ ಪ-ಸ.

ಎಡಗೈ ತಂತಿಯನ್ನು ಕತ್ತಿನ ಮರಕ್ಕೆ ಒತ್ತುವುದೇ ಇಲ್ಲ. ಮರಕ್ಕೂ ತಂತಿಗೂ ನಡುವೆ ಬೆರಳು ಹೋಗುವಷ್ಟು ಜಾಗವಿದೆ. ತೋರುಬೆರಳು, ನಡುಬೆರಳುಗಳ ಉಗುರಿನ ಬುಡ ಬದಿಯಿಂದ ತಂತಿಯನ್ನು ತಾಗುತ್ತದೆ. ಉಂಗುರಬೆರಳು ಮತ್ತು ಕಿರುಬೆರಳಿಗೆ ತುದಿಯ ಸ್ಪರ್ಶ. ಕಿರುಬೆರಳು ದಪ್ಪ ತಂತಿಯ ಅಡಿಯಿಂದ ನುಸುಳಿ ತೆಳು ತಂತಿಯನ್ನು ಮುಟ್ಟುವುದು ಪಿಟೀಲಿನವರಿಗೆ ಅರ್ಥವಾಗಲು ಹೊತ್ತು ಹಿಡಿಯುವ ಸಂಗತಿ. ಕಮಾನನ್ನು ಅಂಗೈ ಮೇಲ್ಮುಖವಾಗಿ ಕೆಳಗಿನಿಂದ ಹಿಡಿಯುತ್ತಾರೆ, ಕಮಾನಿನ ಕೂದಲ ಬಿಗುವನ್ನು ಬೆರಳುಗಳೇ ನುಡಿಸುತ್ತ ನುಡಿಸುತ್ತ ಹೆಚ್ಚು ಕಡಿಮೆ ಮಾಡುತ್ತವೆ. ಹೀಗಾಗಿ ಒಂದೇ ಎಳೆತದಲ್ಲಿ ಪಿಸುಗುಟ್ಟುವುದರಿಂದ ಹಿಡಿದು ಕೆನೆತದವರೆಗೆ ಹೋಗಬಹುದು. ಖೂಮಿಗೆ ಇಲ್ಲದ ಮಧ್ಯಮ, ನಿಷಾದ, ಧೈವತಗಳೆಲ್ಲ ಇಲ್ಲಿ ಸಿಗುತ್ತವೆ. ಗಂಟಲು ನಿಂತ ಕಡೆಯಿಂದ ಖೂರ್ ಮುಂದುವರಿಸುತ್ತದೆ.

ಈಗ ವಿದೇಶಿ ಸಭಾಂಗಣಗಳಲ್ಲಿ ಕೇಳುವ ಖೂರ್ 20ನೇ ಶತಮಾನದ ಮಾರ್ಪಾಡು ಎಂಬುದೂ ತಿಳಿದಿರಲಿ. ಹಿಂದೆ ಪೆಟ್ಟಿಗೆಯ ಮುಖಕ್ಕೆ ಆಡು, ಒಂಟೆಮರಿ ಅಥವಾ ಕರುವಿನ ಚರ್ಮ ಹೊದಿಸುತ್ತಿದ್ದರು. ಗೇರ್ ಡೇರೆಯೊಳಗೆ ಒಲೆಯ ಸುತ್ತ ಕುಳಿತವರಿಗೆ ಅದರ ದನಿ ಸಾಕಾಗುತ್ತಿತ್ತು. ಹವೆ ತೇವವಾದರೆ ಚರ್ಮ ಜೋತು ನಾದ ಮಂಕಾಗುತ್ತಿತ್ತು. 1960ರ ದಶಕದಲ್ಲಿ ಸೋವಿಯತ್ ಪಿಟೀಲು ತಯಾರಕ ಯಾರೊವೊಯ್ ಮಂಗೋಲಿಯಾದ ಕುಶಲಕರ್ಮಿಗಳ ಜೊತೆ ಕೆಲಸ ಮಾಡಿ, ಚರ್ಮದ ಬದಲು ಸ್ಪ್ರೂಸ್ ಮರದ ಮುಖ, ಪಿಟೀಲಿನಂಥ ನಾದರಂಧ್ರ, ಒಳಗೊಂದು ನಾದಗಂಬ ಇರುವ ಮಾದರಿಯನ್ನು ರೂಢಿಗೆ ತಂದರು. ಮಹಾನ್ ವಾದಕ ಜಮಿಯಾನ್ ಈ ಹೊಸ ಖೂರ್‌ಗೆ ಪಾಠಕ್ರಮ ಕಟ್ಟಿದರು. 1992ರಲ್ಲಿ ರಾಷ್ಟ್ರೀಯ ಮೊರಿನ್ ಖೂರ್ ವೃಂದ ಹುಟ್ಟಿತು. ಇಂದು ರಾಜಧಾನಿ ಉಲಾನ್‌ಬಾತರ್‌ನ ಸಂಗೀತ ಶಾಲೆಯಿಂದ ಹೊರಬರುವ ವಾದಕ ಪಾಶ್ಚಾತ್ಯ ಸ್ವರಲಿಪಿ ಓದುತ್ತಾನೆ, ಯುರೋಪಿನ ಕೃತಿಗಳನ್ನು ನುಡಿಸುತ್ತಾನೆ, ಜೊತೆಗೆ ತತ್ಲಗ ಎಂಬ ಹಳೆಯ ಏಕವಾದ್ಯ ತುಣುಕುಗಳನ್ನೂ ಬಲ್ಲ. ಹೊರದೇಶದಲ್ಲಿ ಅವನನ್ನು ಕಾಪಾಡುವುದು ಈ ಎರಡು ದೋಣಿಯ ಕಾಲು. ಸ್ವರಲಿಪಿ ಓದಬಲ್ಲವನನ್ನು ಯಾವ ವಾದ್ಯವೃಂದವೂ ಎರಡು ದಿನದ ತಾಲೀಮಿಗೆ ಕರೆಯಬಹುದು, ಓದಲಾರದವನನ್ನು ಕರೆಯಲು ಹಿಂಜರಿಯುತ್ತದೆ.

1990ರಲ್ಲಿ ಏಕಪಕ್ಷದ ಆಡಳಿತ ಮುಗಿದು ಗಡಿ ತೆರೆದ ಕೂಡಲೇ ಮೊದಲ ತಲೆಮಾರು ಹೊರಟಿತು. 1991ರಲ್ಲಿ ಸಂಗೀತ ಶಾಲೆಯ ವಿದ್ಯಾರ್ಥಿಗಳು ಕಟ್ಟಿದ ಎಗ್ಶಿಗ್ಲೆನ್ ತಂಡ ಜರ್ಮನಿಯನ್ನು ನೆಲೆ ಮಾಡಿಕೊಂಡಿತು. ಚಂದ್ಮನ್‌ನವರೇ ಆದ ಖೋಸೂ ಕೂಡ ಅಲ್ಲೇ ನೆಲೆಸಿದರು. ‘ಎಪಿ’ ಎಂದು ಹೆಸರಾದ ಎಂಖ್‌ಜರ್ಗಲ್ ದಂದರ್ವಾನ್ಚಿಗ್ ಬಲ್ಗೇರಿಯಾದ ಗದುಲ್ಕ ಎಂಬ ಕಮಾನು ವಾದ್ಯದ ವಾದಕ ಮತ್ತು ಫ್ರಾನ್ಸಿನ ತಾಳವಾದ್ಯಗಾರರ ಜೊತೆ ಸ್ತ್ರಾಸ್‌ಬುರ್ಗ್ ಕೇಂದ್ರವಾಗಿ ವಿಯೊಲೊನ್ ಬಾರ್ಬಾರ್ ಎಂಬ ಮೂವರ ತಂಡದಲ್ಲಿದ್ದಾರೆ. ಸಿಡ್ನಿಯಲ್ಲಿ ಬುಖು ಎಂದೇ ಪರಿಚಿತರಾದ ಬುಖ್‌ಚುಲೂನ್ ಗನ್‌ಬುರ್ಗೆದ್ ಅರಬ್ಬರ ಮೀಟುವಾದ್ಯವಾದ ಊದ್, ಡಬಲ್ ಬಾಸ್, ತಾಳವಾದ್ಯಗಳ ನಡುವೆ ಖೂರ್‌ಗೆ ಜಾಗ ಮಾಡಿಕೊಂಡಿದ್ದಾರೆ. ಇವರಲ್ಲಿ ಯಾರೂ ಬರೀ ಗಂಟಲಿನ ಚಮತ್ಕಾರದ ಮೇಲೆ ನಿಂತವರಲ್ಲ. 2016ರಲ್ಲಿ ಉಲಾನ್‌ಬಾತರ್‌ನಲ್ಲಿ ಶುರುವಾದ ದ ಹೂ ತಂಡ ಖೂಮಿಯನ್ನು ರಾಕ್ ಸಂಗೀತದೊಳಗೆ ತಂದು, 2018ರ ವಿಡಿಯೋಗಳಿಂದ ಜಗತ್ತಿಗೆಲ್ಲ ತಲುಪಿತು. ಅವರದು ತವರಿನಲ್ಲೇ ಬೇರೂರಿ ಹೊರಗೆ ಪ್ರವಾಸ ಮಾಡುವ ದಾರಿ. ಒಬ್ಬಂಟಿಯಾಗಿ ಪರದೇಶದಲ್ಲಿ ಮನೆ ಮಾಡುವವನಿಗೆ ಅದನ್ನು ಅನುಸರಿಸಲಾಗದು. ಅವನಿಗೆ ವಾರದ ಪಾಠ, ಶಾಲೆಗಳ ಪ್ರಾತ್ಯಕ್ಷಿಕೆ, ಮದುವೆ, ಚಲನಚಿತ್ರದ ಹಿನ್ನೆಲೆ ಸಂಗೀತ, ಬೇಸಿಗೆಯ ಉತ್ಸವ ಎಲ್ಲವೂ ಸೇರಿದರೆ ಮನೆ ಬಾಡಿಗೆ.

ಜಪಾನಿನದು ಬೇರೆಯೇ ಕಥೆ. ಅಲ್ಲಿನ ಎರಡನೇ ತರಗತಿಯ ಪಠ್ಯದಲ್ಲಿ ಸತ್ತ ಬಿಳಿ ಕುದುರೆಯಿಂದ ಮೊರಿನ್ ಖೂರ್ ಮಾಡಿಕೊಂಡ ಕುರಿಗಾಹಿ ಹುಡುಗನ ಕಥೆ ಬಹುಕಾಲದಿಂದ ಇದೆ. ಹೀಗಾಗಿ ಖೂರ್ ಎಂದರೇನೆಂದು ಯಾರಿಗೂ ವಿವರಿಸಬೇಕಿಲ್ಲ. ಪಾಠ ಬರುವ ಹೊತ್ತಿಗೆ ಶಾಲೆಗಳು ವಾದಕರನ್ನು ಕರೆಸುತ್ತವೆ. ಜರ್ಮನಿಯಲ್ಲಾಗಲೀ ಅಮೆರಿಕದಲ್ಲಾಗಲೀ ಈ ಅನುಕೂಲವಿಲ್ಲ.

ಕಾಗದಪತ್ರದ ವಿಷಯ ಬೇಸರ ತರಿಸುವುದು ಸಹಜ, ಆದರೂ ಬಿಡುವಂತಿಲ್ಲ. ಅಮೆರಿಕಕ್ಕೆ ಹೋಗುವ ಮಂಗೋಲಿಯನ್ ಸಂಗೀತಗಾರರಿಗೆ ಹೇಳಿ ಮಾಡಿಸಿದಂತಿರುವುದು ಪಿ-3 ವೀಸಾ. ಒಂದು ಸಂಸ್ಕೃತಿಗೆ ವಿಶಿಷ್ಟವಾದ ಕಲೆಯನ್ನು ಪ್ರದರ್ಶಿಸಲು ಇಲ್ಲವೇ ಕಲಿಸಲು ಬರುವವರಿಗಾಗಿಯೇ ಇರುವಂಥದ್ದು. ಅರ್ಜಿ ಹಾಕಬೇಕಾದದ್ದು ಕಲಾವಿದನಲ್ಲ, ಅಲ್ಲಿನ ಆಯೋಜಕ ಅಥವಾ ಏಜೆಂಟ್. ಅದಕ್ಕೆ ಕರಾರುಪತ್ರ, ಕಾರ್ಯಕ್ರಮಗಳ ಪಟ್ಟಿ, ಕಲಾವಿದರ ಕಾರ್ಮಿಕ ಸಂಘದ ಅಭಿಪ್ರಾಯಪತ್ರ, ಕಲೆಯ ಅಸಲಿತನವನ್ನು ಬಲ್ಲ ತಜ್ಞರ ಪತ್ರಗಳು ಬೇಕು. ಮೊದಲ ಅವಧಿ ಗರಿಷ್ಠ ಒಂದು ವರ್ಷ. ಒ-1 ಎಂಬ ಇನ್ನೊಂದು ವೀಸಾ ಮೂರು ವರ್ಷದವರೆಗೆ ಸಿಗುತ್ತದೆ, ಆದರೆ ಅದಕ್ಕೆ ಅಸಾಧಾರಣ ಸಾಧನೆಯನ್ನು ದಾಖಲೆಗಳಲ್ಲಿ ತೋರಿಸಬೇಕು. ಯುನೆಸ್ಕೋದ ಪ್ರಾತಿನಿಧಿಕ ಪಟ್ಟಿಯಲ್ಲಿ ಮೊರಿನ್ ಖೂರ್ ಸಂಗೀತ 2008ರಲ್ಲಿ, ಮಂಗೋಲಿಯಾದ ಖೂಮಿ 2010ರಲ್ಲಿ ಸೇರಿದ್ದು ಇಂಥ ಕಡತಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ತೆರಿಗೆಯನ್ನು ಮರೆತವರು ಪ್ರವಾಸದ ಕೊನೆಗೆ ಕೈ ಖಾಲಿ ಮಾಡಿಕೊಳ್ಳುತ್ತಾರೆ. ಅನಿವಾಸಿ ಕಲಾವಿದರ ಸಂಭಾವನೆಯ ಒಟ್ಟು ಮೊತ್ತದಲ್ಲೇ 30% ಮೊದಲೇ ಹಿಡಿಯುವುದು ಅಮೆರಿಕದ ಸಾಮಾನ್ಯ ನಿಯಮ. ಖರ್ಚು ಕಳೆದು ಕಡಿಮೆ ದರಕ್ಕೆ ಒಪ್ಪಂದ ಮಾಡಿಕೊಳ್ಳುವ ದಾರಿಯಿದೆ, ಆದರೆ ಅದನ್ನು ಪ್ರವಾಸಕ್ಕೆ ಸಾಕಷ್ಟು ಮುಂಚೆಯೇ ಮಾಡಬೇಕು. ಜರ್ಮನಿಯಲ್ಲಿ ಅನಿವಾಸಿಗೆ 15% ಕಡಿತ, ಒಂದು ಪ್ರದರ್ಶನಕ್ಕೆ 250 ಯೂರೋವರೆಗಿನ ಸಂಭಾವನೆಗೆ ವಿನಾಯಿತಿ.

ಜರ್ಮನಿಯಲ್ಲೇ ನೆಲೆಸುವವರಿಗೆ ಒಂದು ದೊಡ್ಡ ಆಸರೆ ಇದೆ, ಕಲಾವಿದರ ಸಾಮಾಜಿಕ ವಿಮಾ ನಿಧಿ. ಸ್ವತಂತ್ರ ಕಲಾವಿದ ಆರೋಗ್ಯ ವಿಮೆ ಮತ್ತು ಪಿಂಚಣಿಯ ಕಂತಿನಲ್ಲಿ ಸುಮಾರು ಅರ್ಧವನ್ನಷ್ಟೇ ಕಟ್ಟುತ್ತಾನೆ, ಉಳಿದದ್ದು ಸರ್ಕಾರದಿಂದಲೂ ಕಲಾವಿದರನ್ನು ಬಳಸಿಕೊಳ್ಳುವ ಸಂಸ್ಥೆಗಳಿಂದಲೂ ಬರುತ್ತದೆ. ವರ್ಷಕ್ಕೆ ಕಲೆಯಿಂದ 3,900 ಯೂರೋ ದಾಟಿದ ಗಳಿಕೆ ತೋರಿಸಬೇಕು, ವೃತ್ತಿಯ ಮೊದಲ ಮೂರು ವರ್ಷ ಆ ಷರತ್ತೂ ಇಲ್ಲ. ಮಂಗೋಲಿಯನ್ ಸಂಗೀತಗಾರರಿಗೆ ಜರ್ಮನಿಯಲ್ಲಿ ಬೇರು ಬಿಡಲು ಅನುವಾಗುವುದು ಇಂಥ ವ್ಯವಸ್ಥೆಯಿಂದ, ಶ್ರೋತೃಗಳ ಅಭಿರುಚಿಯಷ್ಟರಿಂದಲೇ ಅಲ್ಲ. ನಮ್ಮ ಕಲಾವಿದರಿಗೂ ಇಂಥದ್ದೊಂದು ಇದ್ದಿದ್ದರೆ ಎಂದು ಅನಿಸದೆ ಇರದು.

ಇನ್ನು ಹವೆ. ಖೂರ್ ಹುಟ್ಟಿದ್ದು ಚಳಿಗಾಲದಲ್ಲಿ ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿಳಿಯುವ, ಒಣ ಗಾಳಿಯ ನಾಡಿನಲ್ಲಿ. ಅಲ್ಲಿ ಒಣಗಿಸಿ ಅಂಟಿಸಿದ ಮರವನ್ನು ಸಿಂಗಪುರಕ್ಕೋ ಸಿಡ್ನಿಯ ಬೇಸಿಗೆಗೋ ತಂದರೆ ಅದು ತೇವ ಹೀರಿ ಉಬ್ಬುತ್ತದೆ. ಮುಖದ ಹಲಗೆ ಏಳುತ್ತದೆ, ಅದರೊಡನೆ ತಂತಿಗಳನ್ನು ಹೊರುವ ಸೇತುವೆ, ಅಂದರೆ ವಾದ್ಯದವರು ಕುದುರೆ ಎನ್ನುವ ತುಂಡು, ಮೇಲೇರಿ ತಂತಿ ಕತ್ತಿನಿಂದ ದೂರವಾಗುತ್ತದೆ, ಬಿರಡೆಗಳು ಕಚ್ಚಿಕೊಂಡು ತಿರುಗುವುದಿಲ್ಲ. ತಿರುಗಿಸಲು ಬಲ ಹಾಕಿದರೆ ಬಿರಡೆಯ ಕತ್ತೇ ಮುರಿಯುತ್ತದೆ. ತದ್ವಿರುದ್ಧವಾಗಿ, ಯುರೋಪಿನ ಚಳಿಗಾಲದಲ್ಲಿ ಹೀಟರ್ ಉರಿಯುವ ಸಭಾಂಗಣದ ಗಾಳಿ 25% ತೇವಾಂಶಕ್ಕೆ ಇಳಿದಿರುವುದುಂಟು. ತೇವದ ಊರಿಗೆ ಒಗ್ಗಿದ ಖೂರ್ ಅಲ್ಲಿ ಹಲಗೆ ಕುಗ್ಗಿ ಬಿರುಕು ಬಿಡುತ್ತದೆ, ಅಂಚಿನ ಅಂಟು ಬಿಡುತ್ತದೆ. ವಾದ್ಯ ಒಯ್ಯುವ ಪೆಟ್ಟಿಗೆಯೊಳಗೆ ತೇವಾಂಶ ಮಾಪಕ ಇಟ್ಟು 45ರಿಂದ 55% ನಡುವೆ ಕಾಯ್ದುಕೊಳ್ಳುವುದೇ ಮದ್ದು. ಅಂಚಿನ ಅಂಟು ಬಿಟ್ಟರೆ ಗಾಬರಿ ಬೇಡ, ಪಿಟೀಲು ರಿಪೇರಿ ಮಾಡುವವರು ಪ್ರಾಣಿಜನ್ಯ ಬಿಸಿ ಅಂಟಿನಿಂದ ಕೂರಿಸಿ ಕೊಡುತ್ತಾರೆ. ಅಂಗಡಿಯ ಬಿಳಿ ಅಂಟು ಹಾಕಿದರೆ ಮುಂದಿನ ಸಲ ಬಿಡುವುದು ಅಂಟಲ್ಲ, ಮರ.

ವಿಮಾನಕ್ಕೆ ಒಯ್ಯುವುದು ಇನ್ನೊಂದು ಪಾಡು. 1.1 ಮೀಟರ್ ವಾದ್ಯ ಕೈಚೀಲದ ಅಳತೆಗೆ ಒಪ್ಪುವುದಿಲ್ಲ. ಒಂದೋ ಪಕ್ಕದ ಸೀಟಿಗೆ ಟಿಕೆಟ್ ತೆಗೆಯಬೇಕು, ಇಲ್ಲವೇ ಗಟ್ಟಿ ಪೆಟ್ಟಿಗೆಯಲ್ಲಿ ಸರಕಿಗೆ ಹಾಕಬೇಕು. ಸರಕಿಗೆ ಹಾಕುವಾಗ ತಂತಿಗಳನ್ನು ಒಂದೆರಡು ಸ್ವರ ಇಳಿಸಬೇಕು, ಪೂರ್ತಿ ಸಡಿಲ ಬಿಡಬಾರದು. ಒಳಗಿನ ನಾದಗಂಬ ನಿಂತಿರುವುದು ಕುದುರೆಯ ಒತ್ತಡದಲ್ಲಿ. ಒತ್ತಡ ಹೋದರೆ ಅದು ಬಿದ್ದು ವಾದ್ಯದೊಳಗೆ ಉರುಳಾಡುತ್ತದೆ, ಅದನ್ನು ನಾದರಂಧ್ರದ ಮೂಲಕ ಮತ್ತೆ ನಿಲ್ಲಿಸಲು ಬಲ್ಲವರು ಬೇಕು. ತಂತಿಗಳ ಅಡಿಗೆ ಮೆತ್ತನೆ ಬಟ್ಟೆ, ಕುದುರೆ ತಲೆಯ ಸುತ್ತ ನೊರೆರಬ್ಬರು ಇಡಬೇಕು, ಪೆಟ್ಟು ಮೊದಲು ಬೀಳುವುದು ಆ ಕೆತ್ತನೆಯ ಕಿವಿಗಳಿಗೆ. ವಾದ್ಯ ಹಳೆಯದಾದರೆ ಮಂಗೋಲಿಯಾದಿಂದ ಪ್ರಾಚೀನ ವಸ್ತು ಹೊರಗೆ ಒಯ್ಯುವ ಕಟ್ಟಳೆಗಳೂ ಅಡ್ಡ ಬರುತ್ತವೆ, ಹೊಸದಾದರೆ ತಯಾರಕರ ರಸೀದಿಯನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಬೇರೆ ವಾದ್ಯಗಳ ಜೊತೆ ಕೂರುವಾಗ ಮೊದಲು ಎದುರಾಗುವುದು ಶ್ರುತಿ. ಗಿಟಾರಿನವರಿಗೆ ಪ್ರಿಯವಾದ ಶ್ರುತಿಗಳು ಖೂರ್‌ನದಕ್ಕಿಂತ ಅರ್ಧ ಸ್ವರ ಕೆಳಗಿವೆ. ಅರ್ಧ ಸ್ವರ ಇಳಿಸಿದರೆ ತಂತಿಯ ಬಿಗುವು ಸುಮಾರು 11% ಕಡಿಮೆಯಾಗುತ್ತದೆ, ನಾದ ಸ್ವಲ್ಪ ಮಂದವಾದರೂ ಅಪಾಯವಿಲ್ಲ. ಯಾರಾದರೂ ಒಂದು ಸ್ವರ ಏರಿಸಿ ಎಂದರೆ ಮಾತ್ರ ಯೋಚಿಸಬೇಕು, ಬಿಗುವು ಸುಮಾರು 26% ಹೆಚ್ಚುತ್ತದೆ, ಮುಖದ ಹಲಗೆ ಅದನ್ನು ಹೊರಬೇಕು. ಅದಕ್ಕೇ ಕೆಲವರು ಕಡಿಮೆ ಎಳೆಗಳ ಕಟ್ಟು ಹಾಕಿದ ಎರಡನೇ ಖೂರ್ ಇಟ್ಟುಕೊಂಡಿರುತ್ತಾರೆ. ಕರ್ನಾಟಕ ಸಂಗೀತದವರ ಜೊತೆಗಾದರೆ ಕಪ್ಪು ಐದು ಷಡ್ಜವಾದ ಗಾಯಕಿಯ ಪಕ್ಕದಲ್ಲಿ ಖೂರ್ ಏನನ್ನೂ ಬದಲಿಸದೆ ಕೂರುತ್ತದೆ, ತಂತಿ ಮರಕ್ಕೆ ತಾಗದ ಕಾರಣ ಜಾರು ಗಮಕ ಸಲೀಸು. ಮೋಹನ ಎತ್ತಿಕೊಂಡರೆ ಖೂಮಿಯೂ ಜೊತೆಗೂಡಬಹುದು. ಖೂಮಿಗೆ ಎಟುಕದ ಸ್ವರಗಳಿರುವ ಕಲ್ಯಾಣಿ ಎತ್ತಿಕೊಂಡರೆ ಖೂಮಿಯನ್ನು ಪಕ್ಕಕ್ಕಿಟ್ಟು ಖೂರ್ ಒಂದನ್ನೇ ನೆಚ್ಚಬೇಕು. ಇದು ಗೊತ್ತಿಲ್ಲದೆ ಮಾಡಿದ ಜುಗಲ್‌ಬಂದಿಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಕೂರುತ್ತಾರೆ.

ಧ್ವನಿವರ್ಧಕದ ಸಂಗತಿಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೊಳ್ಳೆಯ ಕಛೇರಿಗಳು ಕೆಟ್ಟಿರುವುದು ಇಲ್ಲೇ. ಸೌಂಡ್ ಎಂಜಿನಿಯರ್‌ಗಳು ಗಾಯಕನ ಮೈಕಿಗೆ ಅಭ್ಯಾಸದಂತೆ 100 ಕಂಪನಕ್ಕಿಂತ ಕೆಳಗಿನದನ್ನೆಲ್ಲ ಕತ್ತರಿಸುವ ಸೋಸುಗುಂಡಿ ಒತ್ತಿಬಿಡುತ್ತಾರೆ, ವೇದಿಕೆಯ ಗುಡುಗುಡು ಬರದಿರಲಿ ಎಂದು. ಖರ್ಖಿರಾದ ಬುನಾದಿ ಇರುವುದು 65ರ ಆಸುಪಾಸಿನಲ್ಲಿ. ಸೋಸಿದ ಮೇಲೆ ಕೇಳುವುದು ನೆಗಡಿಯಾದವನ ಗೊಗ್ಗರು ದನಿ. ಇನ್ನೂ ಕೆಟ್ಟದ್ದು ಸ್ವಯಂಚಾಲಿತ ಫೀಡ್‌ಬ್ಯಾಕ್ ತಡೆಯುವ ಯಂತ್ರ. ಕಿರಿದಾದ, ಒಂದೇ ಎತ್ತರದಲ್ಲಿ ನಿಂತ ಯಾವ ನಾದ ಕೇಳಿದರೂ ಅದು ಮೈಕಿನ ಕೂಗಾಟವೆಂದು ಬಗೆದು ಅಲ್ಲೇ ಕತ್ತರಿ ಹಾಕುತ್ತದೆ. ಇಸ್ಗೆರೆ ಖೂಮಿಯ ಸಿಳ್ಳೆ ಎಂದರೆ ಅದೇ ತಾನೆ, 1000ದಿಂದ 2100ರ ನಡುವಿನ ಕಿರಿದಾದ, ನಿಂತ ನಾದ. ಗಾಯಕ ಎತ್ತಿದ ಒಂದೊಂದು ಸ್ವರವನ್ನೂ ಯಂತ್ರ ಒಂದೊಂದಾಗಿ ನುಂಗುತ್ತ ಹೋಗುತ್ತದೆ, ಹಾಡುವವನಿಗೆ ತನ್ನ ಗಂಟಲೇ ಕೈಕೊಟ್ಟಿತೇನೋ ಎಂಬ ದಿಗಿಲು. ಅನುಭವಿಗಳು ಧ್ವನಿ ಪರೀಕ್ಷೆಗೆ ಮೊದಲೇ ಎರಡು ಸಾಲು ಬರೆದು ಕೊಡುತ್ತಾರೆ: ಗಾಯನದ ಮೈಕಿಗೆ ಕೆಳಸೋಸಿಕೆ ಬೇಡ, ಫೀಡ್‌ಬ್ಯಾಕ್ ಯಂತ್ರ ಬಂದ್.

ಖೂರ್‌ಗೆ ಬೇರೆ ಮೈಕ್ ಬೇಕು. ತಂತಿವಾದ್ಯಕ್ಕೆ ಸಿಕ್ಕಿಸುವ ಪುಟ್ಟ ಕಂಡೆನ್ಸರ್ ಮೈಕನ್ನು ಕುದುರೆಗೂ ನಾದರಂಧ್ರಕ್ಕೂ ನಡುವೆ ಗುರಿಯಿಟ್ಟರೆ ಮರದ ನಾದ, ಕಮಾನಿನ ಉಸಿರು ಎರಡೂ ಸಿಗುತ್ತವೆ. ಅದಕ್ಕೆ ಮಿಕ್ಸರ್‌ನಿಂದ 48 ವೋಲ್ಟ್ ಹೋಗಬೇಕು. ಕುದುರೆಗೆ ಅಂಟಿಸಿ ಅದರ ಕಂಪನವನ್ನೇ ಹಿಡಿಯುವ ಪೀಜೋ ತುಂಡು ಅಬ್ಬರದ ರಾಕ್ ವೇದಿಕೆಗೆ ಸರಿ, ಮೆಲ್ಲನೆಯ ಕಛೇರಿಯಲ್ಲಿ ಅದು ಉಗುರಿನ ಕೆರೆತವನ್ನೇ ಎತ್ತಿ ತೋರಿಸುತ್ತದೆ. ಹಾಡುವವನೂ ನುಡಿಸುವವನೂ ಒಬ್ಬನೇ ಆದ್ದರಿಂದ ಬಾಯಿಯ ಮೈಕಿಗೆ ಖೂರ್ ಕೂಡ ಬೀಳುತ್ತದೆ, ಎರಡು ಮೈಕುಗಳ ನಡುವಿನ ಕಾಲವ್ಯತ್ಯಾಸದಿಂದ ಖೂರ್ ದನಿ ಟೊಳ್ಳಾಗುತ್ತದೆ. ಬಾಯಿಯ ಮೈಕನ್ನು ತುಟಿಗೆ ಹತ್ತಿರ, ತುಸು ಮೇಲಿನಿಂದ ಇಟ್ಟು, ಅದರ ಹಿಂಬದಿ ವಾದ್ಯದ ಕಡೆ ಬರುವಂತೆ ಮಾಡಿದರೆ ಅರ್ಧಕ್ಕರ್ಧ ಸಮಸ್ಯೆ ತೀರುತ್ತದೆ.

ಪಾಠ ಹೇಳುವುದು ಹೊರನಾಡಿನ ವಾದಕನ ಸ್ಥಿರ ಆದಾಯ. ಬರುವವರಲ್ಲಿ ಹೆಚ್ಚಿನವರು ಖೂಮಿ ಕಲಿಯಬೇಕೆಂದೇ ಬರುತ್ತಾರೆ, ಒಂದು ವಾರಾಂತ್ಯದ ಶಿಬಿರದಲ್ಲಿ ಸಿಳ್ಳೆಯ ಎಳೆ ಕೇಳಿಸಿಕೊಂಡು ಖುಷಿಯಾಗಿ ಹೋಗುತ್ತಾರೆ, ಮುಂದಿನ ತಿಂಗಳು ಬರುವುದಿಲ್ಲ. ಖೂರ್ ಹಿಡಿದವರು ವರ್ಷಗಟ್ಟಲೆ ಉಳಿಯುತ್ತಾರೆ. ಹೆಣ್ಣುಮಕ್ಕಳು ಖೂಮಿ ಹಾಡಬಾರದೆಂಬ ಹಳೆಯ ನಿಷೇಧ ಮಂಗೋಲಿಯಾದಲ್ಲೇ ಸಡಿಲವಾಗಿದೆ, ಹೊರಗಿನ ಶಿಬಿರಗಳಲ್ಲಂತೂ ಅದರ ಮಾತೇ ಇಲ್ಲ, ಇದು ಒಳ್ಳೆಯದೇ ಆಯಿತು. ವಿಡಿಯೋ ಕರೆಯಲ್ಲಿ ಕಲಿಸುವವರಿಗೆ ಒಂದು ಸೂಚನೆ: ಆ ತಂತ್ರಾಂಶಗಳ ಗದ್ದಲ ನಿವಾರಣೆ ನಿಂತ ಸ್ವರವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡುತ್ತದೆ. ಮೂಲ ಧ್ವನಿಯನ್ನು ಹಾಗೆಯೇ ಕಳಿಸುವ ಆಯ್ಕೆಯನ್ನು ಇಬ್ಬರೂ ಒತ್ತಿಕೊಳ್ಳದಿದ್ದರೆ ಶಿಷ್ಯನ ತಪ್ಪು ಗುರುವಿಗೆ ಕೇಳಿಸುವುದೇ ಇಲ್ಲ.

ನಮ್ಮೂರುಗಳಲ್ಲೂ ಇಂಥ ಕಲಾವಿದರನ್ನು ಕರೆಸುವ ಉತ್ಸಾಹಿಗಳಿದ್ದಾರೆ, ಅವರಿಗಾಗಿ ಕೆಲವು ಮಾತು. ಉದ್ಘಾಟನೆಯ ನಡುವೆ ಐದು ನಿಮಿಷ ಗಂಟಲು ತೋರಿಸಿ ಹೋಗಲಿ ಎಂದು ದಯವಿಟ್ಟು ಕರೆಯಬೇಡಿ. ಕನಿಷ್ಠ ನಲವತ್ತೈದು ನಿಮಿಷ ಕೊಡಿ, ಖೂರ್‌ನ ಏಕವಾದ್ಯಕ್ಕೆ ಅದರಲ್ಲಿ ಜಾಗವಿರಲಿ. ಯೋಧರ ಕವಚ ತೊಟ್ಟು ಬನ್ನಿ ಎಂದು ಕೇಳಬೇಡಿ. ದೇಲ್ ಎಂಬ ನಿಲುವಂಗಿ ಅವರ ಮರ್ಯಾದೆಯ ಉಡುಪು, ಅದು ಸಾಕು. ಮಂಗಳೂರು, ಉಡುಪಿಗಳ ಮಳೆಗಾಲದಲ್ಲಿ ಕಾರ್ಯಕ್ರಮವಿಟ್ಟರೆ ವಾದ್ಯಕ್ಕೆ ಒಂದು ದಿನ ಮೊದಲೇ ಬಂದು ಹವೆಗೆ ಒಗ್ಗಲು ಬಿಡಿ. ಪೆಟ್ಟಿಗೆಯನ್ನು ಹೋಟೆಲ್ ಕೋಣೆಗೆ ತಂದ ಕೂಡಲೇ ತೆರೆಯದೆ ಎರಡು ಮೂರು ಗಂಟೆ ಹಾಗೇ ಇಟ್ಟರೆ ಒಳಗಿನ ಮರ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಹಾಡುವ ಮುನ್ನ ಬಿಸಿನೀರು ಇರಲಿ, ಐಸ್ ಹಾಕಿದ್ದು ಬೇಡ. ಧ್ವನಿ ಪರೀಕ್ಷೆಗೆ ಒಂದು ಗಂಟೆ ಬೇಕು, ಮೊದಲು ಖೂರ್, ಆಮೇಲೆ ಇಸ್ಗೆರೆ, ಕೊನೆಗೆ ಖರ್ಖಿರಾ. ವೇದಿಕೆಯ ಎಸಿ ಗಾಳಿ ಕಲಾವಿದನ ಎಡಬದಿಗೆ ನೇರ ಬೀಳುವಂತಿದ್ದರೆ ಆ ಒಂದು ಕಿಂಡಿಯನ್ನು ಮುಚ್ಚಿಸಿ. ತಂತಿಯ ನೂರಾರು ಎಳೆಗಳು ಒಂದೇ ಬಗೆಯಲ್ಲಿ ತಣ್ಣಗಾಗುವುದಿಲ್ಲ, ಪ್ರತಿ ಹಾಡಿನ ನಡುವೆ ಶ್ರುತಿ ಮಾಡುತ್ತ ಕೂರಬೇಕಾಗುತ್ತದೆ.